ಅಳಿವೆಯ ಮರ, ಗುಡ್ಡದ ಮರ, ಮೂರು ಹೆಸರಿನ ಹಬ್ಬುಗಿಡ: ಗುರುತಿಲ್ಲದ ಸಸ್ಯವನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ನಾವು ಈಚೆಗೆ ಪಶ್ಚಿಮ ಕರಾವಳಿಯ ಒಂದು ಹಳ್ಳಿಗೆ ಬಂದು ನೆಲೆಸಿದ್ದೇವೆ. ಮನೆಯಿಂದ ಒಂದು ದಿಕ್ಕಿಗೆ ನಡೆದರೆ ಅಳಿವೆ ಮತ್ತು ಮರಳದಂಡೆ, ಇನ್ನೊಂದು ದಿಕ್ಕಿಗೆ ಗುಡ್ಡದ ಕಾಡು. ಅಳಿವೆಯ ದಡದಲ್ಲಿ ಮಾವಿನಕಾಯಿಯಂಥ ಹಸಿರು ಕಾಯಿ ಬಿಡುವ ಒಂದು ಮರವಿದೆ. ಎಲೆ ಕಿತ್ತರೆ ಬಿಳಿ ಹಾಲು ಸುರಿಯುತ್ತದೆ. ಮೊಬೈಲಿನ ಆ್ಯಪ್ ಅದನ್ನು ಒಮ್ಮೆ ಮಾವು ಎಂದಿತು, ಮತ್ತೊಮ್ಮೆ ದೇವಕಣಗಿಲೆ ಎಂದಿತು. ಗುಡ್ಡದಲ್ಲಿ ಒಂದು ಮರದ ಟೊಂಗೆಯನ್ನು ಸರಿಸಿ ನಡೆದು ಬಂದ ಎರಡು ದಿನಗಳ ಮೇಲೆ ನನ್ನ ಗಂಡನ ಮುಂಗೈ ಊದಿಕೊಂಡು ನೀರುಗುಳ್ಳೆಗಳೆದ್ದವು. ಮನೆಯ ಹತ್ತಿರದ ತೋಡಿನ ಬದಿಯಲ್ಲಿ ಹಬ್ಬಿರುವ ಪುಟ್ಟ ಗಿಡವೊಂದನ್ನು ಒಬ್ಬರು ಬ್ರಾಹ್ಮಿ ಎನ್ನುತ್ತಾರೆ, ಇನ್ನೊಬ್ಬರು ಒಂದೆಲಗ, ಮತ್ತೊಬ್ಬರು ಇಲಿಕಿವಿ. ಹಕ್ಕಿ ತಿಂದ ಹಣ್ಣನ್ನು ಮಕ್ಕಳೂ ತಿನ್ನಬಹುದು ಎಂದು ಹಿರಿಯರು ಹೇಳುತ್ತಾರೆ. ಇದನ್ನೆಲ್ಲ ನಾವೇ ಗುರುತಿಸಲು ಕಲಿಯಬಹುದೇ, ಅಥವಾ ಕಾಡುಗಿಡಗಳಿಂದ ದೂರವಿರುವುದೇ ಒಳ್ಳೆಯದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ಮನೆಯವರಿಗೆ, ಅದರಲ್ಲೂ ಮಕ್ಕಳಿಗೆ, ಅಪಾಯವಾಗಬಾರದು ಎಂಬುದು ಒಂದು. ದಿನವೂ ಕಣ್ಣಿಗೆ ಬೀಳುವ ಹಸಿರಿನ ಪರಿಚಯ ಮಾಡಿಕೊಳ್ಳಬೇಕು ಎಂಬುದು ಇನ್ನೊಂದು. ಮೊದಲನೆಯದು ಕಾಯುವಂಥದ್ದಲ್ಲವಾದ್ದರಿಂದ ಎರಡು ಮರಗಳ ವಿಷಯವನ್ನೇ ಮುಂದೆ ಮಾಡುತ್ತೇನೆ.

ಅಳಿವೆಯ ದಡದ ಮರ ನೀವು ವರ್ಣಿಸಿದ ಮಟ್ಟಿಗೆ ಹೊಂಡೆ ಮರವನ್ನು, ಎಂದರೆ ಸೆರ್ಬೆರಾ ಓಡೋಲಮ್ ಅನ್ನು, ಬಲವಾಗಿ ಹೋಲುತ್ತದೆ. ಚಿತ್ರವಾಗಲಿ ಕಾಯಿಯಾಗಲಿ ನನ್ನ ಮುಂದಿಲ್ಲದ ಕಾರಣ ಇದನ್ನು ಖಚಿತ ಗುರುತು ಎಂದು ತೆಗೆದುಕೊಳ್ಳಬೇಡಿ. ಆದರೆ ಖಚಿತವಾಗುವವರೆಗೆ ಅದು ಹೊಂಡೆಯೇ ಎಂಬಂತೆ ನಡೆದುಕೊಳ್ಳಿ. ಇದು ಕಣಗಿಲೆಯ ಕುಟುಂಬಕ್ಕೆ ಸೇರಿದ ಮರ. ಉಪ್ಪುನೀರು ಬಂದು ಹೋಗುವ ಜೌಗು ಮತ್ತು ಹಿನ್ನೀರಿನ ದಂಡೆ ಇದರ ನೆಲೆ. ಕಾಯಿಯೊಳಗಿನ ತಿರುಳಿನಲ್ಲಿ ಸೆರ್ಬೆರಿನ್ ಎಂಬ ವಿಷವಿದ್ದು, ಅದು ನೇರವಾಗಿ ಹೃದಯದ ಮೇಲೆ ಕೆಲಸ ಮಾಡುತ್ತದೆ: ವಾಂತಿ ಶುರುವಾಗಿ, ಬಡಿತ ನಿಧಾನವಾಗಿ, ಲಯ ತಪ್ಪಿ ಪ್ರಾಣಕ್ಕೇ ಕುತ್ತು ಬರುತ್ತದೆ. ಮಕ್ಕಳು ಆಟಕ್ಕೆಂದು ಕಾಯಿ ಒಡೆಯದಂತೆ ಇವತ್ತೇ ಹೇಳಿಡಿ. ಮರವನ್ನು ಕಡಿಸುವ ಅಗತ್ಯ ಖಂಡಿತ ಇಲ್ಲ. ಅದರ ನೆರಳಿನಿಂದ, ಗಾಳಿಯಿಂದ, ಹೂವಿನ ಪರಿಮಳದಿಂದ ಯಾರಿಗೂ ಏನೂ ಆಗುವುದಿಲ್ಲ.

ಆ್ಯಪ್ ಏಕೆ ತಡವರಿಸಿತು ಎಂಬುದನ್ನು ಆ ಮರದ ಹತ್ತಿರವೇ ನಿಂತು ನೋಡಬಹುದು. ಮಾವಿನಲ್ಲೂ ಹೊಂಡೆಯಲ್ಲೂ ಉದ್ದನೆಯ, ನುಣುಪಾದ, ದಪ್ಪ ಎಲೆಗಳು ಟೊಂಗೆಯ ತುದಿಯಲ್ಲಿ ಗುಂಪುಗೂಡಿರುತ್ತವೆ. ದೂರದಿಂದ ತೆಗೆದ ಚಿತ್ರದಲ್ಲಿ ವ್ಯತ್ಯಾಸ ತೋರುವುದೇ ಇಲ್ಲ. ಹತ್ತಿರ ಹೋದರೆ ಎಲ್ಲವೂ ಬೇರೆ. ಮಾವಿನ ಎಲೆಯನ್ನು ಹೊಸಕಿದರೆ ಮಾವಿನಕಾಯಿಯ ವಾಸನೆ ಬರುತ್ತದೆ, ಹಾಲು ಸುರಿಯುವುದಿಲ್ಲ. ಹೊಂಡೆಯಲ್ಲಿ ಹಾಲು ಧಾರಾಳ. ಮಾವಿನ ಹೂ ಕಣ್ಣಿಗೆ ಪುಡಿಯಂತೆ ಕಾಣುವಷ್ಟು ಚಿಕ್ಕದು, ಗೊಂಚಲು ದೊಡ್ಡದು. ಹೊಂಡೆಯ ಹೂ ಬಿಳಿ, ಐದು ಎಸಳುಗಳು ಒಂದೇ ಕಡೆಗೆ ತಿರುಚಿಕೊಂಡು ಗಂಟಲಲ್ಲಿ ಹಳದಿ ಬೊಟ್ಟಿಟ್ಟಂತೆ ಇರುತ್ತವೆ. ದೇವಕಣಗಿಲೆಯೂ ಇದೇ ಕುಟುಂಬದ್ದಾಗಿರುವುದರಿಂದ ಹೂವಿನ ಹೋಲಿಕೆ ಸಹಜವೇ. ಆದರೆ ದೇವಕಣಗಿಲೆಯ ಎಲೆಯಲ್ಲಿ ಅಡ್ಡ ನರಗಳೆಲ್ಲ ಅಂಚಿನ ಬಳಿ ಒಂದು ಗೆರೆಯಾಗಿ ಕೂಡಿಕೊಳ್ಳುತ್ತವೆ, ಕಾಯಿ ಜೋಡಿ ಕೋಡಿನಂತಿರುತ್ತದೆ, ಮತ್ತು ಅದು ಅಮೆರಿಕದ ಉಷ್ಣವಲಯದಿಂದ ಬಂದು ಇಲ್ಲಿ ನೆಟ್ಟು ಬೆಳೆಸಿದ ಮರವೇ ಹೊರತು ಅಳಿವೆಯಲ್ಲಿ ತಾನಾಗಿ ಹುಟ್ಟುವಂಥದ್ದಲ್ಲ. ಮರಳಿನ ಮೇಲೆ ಅಲೆ ತಂದು ಹಾಕಿದ, ಸಿಪ್ಪೆ ಕೊಳೆತು ನಾರಿನ ಉಂಡೆಯಂತಾದ ಕಾಯಿಗಳು ಸಿಕ್ಕರೆ ಎತ್ತಿ ನೋಡಿ. ಹೊಂಡೆಯ ಬೀಜ ನೀರಿನಲ್ಲಿ ತೇಲಿಕೊಂಡೇ ಊರೂರಿಗೆ ಹೋಗುವುದರಿಂದ ಕಾಯಿಯ ಒಳಪದರ ಹಾಗೆ ನಾರಾಗಿರುತ್ತದೆ.

ಗುಡ್ಡದ ಮರದ ಬಗ್ಗೆ ನನಗೆ ಅನುಮಾನ ಇನ್ನೂ ಕಡಿಮೆ. ಕೈಗೆ ತಾಗಿದ ಕೂಡಲೇ ಉರಿಯದೆ ಒಂದೆರಡು ದಿನ ಬಿಟ್ಟು ಊತ, ತುರಿಕೆ, ನೀರುಗುಳ್ಳೆ ಬಂದಿದೆ ಎಂದರೆ ಅದು ಗೇರಿನ ಕುಟುಂಬದ ಮರಗಳ ಲಕ್ಷಣ. ಕರಾವಳಿಯವರು ಚೇರೆ ಎನ್ನುವ ಹೋಲಿಗಾರ್ನಾ ಜಾತಿಯ ಮರಗಳು ಹಾಗೂ ಕರಿಗೇರು ಇದರಲ್ಲಿ ಮುಖ್ಯವಾದವು. ಇವುಗಳ ಸೊನೆಯಲ್ಲಿರುವ ಎಣ್ಣೆಯಂಥ ಪದಾರ್ಥ ಚರ್ಮವನ್ನು ಕೂಡಲೇ ಸುಡುವ ಆಮ್ಲದಂಥದ್ದಲ್ಲ. ಅದು ಚರ್ಮದೊಳಗೆ ಇಳಿದು ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುತ್ತದೆ, ಆ ಪ್ರತಿಕ್ರಿಯೆ ಮೇಲೇಳಲು ಕಾಲ ಬೇಕು. ಈ ತಡವೇ ಎಲ್ಲ ಗೊಂದಲಕ್ಕೆ ಮೂಲ. ಗುಳ್ಳೆ ಎದ್ದ ದಿನ ಏನು ಮುಟ್ಟಿದೆವು, ಏನು ತಿಂದೆವು ಎಂದು ಜನ ಹುಡುಕುತ್ತಾರೆ. ಕಾರಣವಾದ ಮರ ಎರಡು ದಿನದ ಹಿಂದೆಯೇ ಹಾದು ಹೋಗಿರುತ್ತದೆ. ಒಬ್ಬರಿಗೆ ಮುಖವೆಲ್ಲ ಊದಿದರೂ ಜೊತೆಗಿದ್ದವರಿಗೆ ಏನೂ ಆಗದಿರುವುದೂ ಇದರಿಂದಲೇ, ಏಕೆಂದರೆ ಅದು ಅವರವರ ದೇಹದ ಪ್ರತಿಕ್ರಿಯೆ. ಮರಕ್ಕೆ ಸಿಟ್ಟು ಬಂದಿತು, ಅದನ್ನು ಸಮಾಧಾನಪಡಿಸಬೇಕು ಎಂಬ ನಂಬಿಕೆ ಹುಟ್ಟಿಕೊಂಡದ್ದು ಈ ವ್ಯತ್ಯಾಸವನ್ನು ಕಂಡೇ ಇರಬೇಕು ಎಂದು ನನಗೆ ಅನ್ನಿಸುತ್ತದೆ.

ಚೇರೆಯನ್ನು ಮುಟ್ಟದೆಯೇ ಗುರುತಿಸಬಹುದು. ಕಾಂಡದ ಮೇಲೆ ಸೊನೆ ಒಸರಿ ಒಣಗಿದ ಕಡೆ ಟಾರು ಚೆಲ್ಲಿದಂಥ ಕಪ್ಪು ಕಲೆಗಳಿರುತ್ತವೆ. ಎಲೆಗಳು ಉದ್ದವಾಗಿದ್ದು, ಬುಡದಲ್ಲಿ ಕಿರಿದಾಗಿ ತುದಿಯ ಕಡೆಗೆ ಅಗಲವಾಗುತ್ತವೆ, ಟೊಂಗೆಯ ತುದಿಯಲ್ಲಿ ಒತ್ತೊತ್ತಾಗಿ ಕೂಡಿರುತ್ತವೆ. ಎಲೆತೊಟ್ಟನ್ನು ಕಣ್ಣಿಟ್ಟು ನೋಡಿದರೆ ಅದರ ಎರಡೂ ಬದಿಗೆ ಮೆತ್ತನೆಯ ಮುಳ್ಳಿನಂಥ ಒಂದು ಜೋಡಿ ಪುಟ್ಟ ಚಾಚು ಕಾಣಿಸುತ್ತದೆ. ಇವು ಉದುರಿ ಹೋಗುವುದೂ ಉಂಟಾದ್ದರಿಂದ ಎಳೆಯ ಎಲೆಗಳಲ್ಲಿ ಹುಡುಕಬೇಕು. ಆ ಚಾಚು ಕಂಡರೆ ಮುಂದಿನ ಪರೀಕ್ಷೆ ಬೇಡ, ಹಿಂದೆ ಸರಿಯಿರಿ. ಸೊನೆ ತಾಗಿತು ಎಂದು ಗೊತ್ತಾದ ಕೂಡಲೇ ಉಜ್ಜದೆ ಸಾಬೂನು ಮತ್ತು ಧಾರಾಳ ನೀರಿನಿಂದ ತೊಳೆಯುವುದು, ತೊಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯುವುದು ಮೊದಲ ಕೆಲಸ. ಗುಳ್ಳೆಗಳನ್ನು ಒಡೆಯಬಾರದು. ಮುಖ ಊದಿದರೆ, ಉಸಿರಿಗೆ ತೊಂದರೆಯಾದರೆ ಅಥವಾ ಗುಳ್ಳೆ ಕೀವಾದರೆ ವೈದ್ಯರ ಬಳಿಗೆ ಹೋಗಲೇಬೇಕು. ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಇನ್ನೊಂದು ಮರವಿದೆ, ಎಕ್ಸೋಕೇರಿಯ ಅಗಲೋಚ. ಅದರ ಬಿಳಿ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಹಾಗಾದಾಗ ಕನಿಷ್ಠ 15 ನಿಮಿಷ ಶುದ್ಧ ನೀರು ಹರಿಯಬಿಟ್ಟು ಕಣ್ಣು ತೊಳೆದು, ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಇನ್ನು ಹಕ್ಕಿ ತಿಂದ ಹಣ್ಣಿನ ಮಾತು. ಇದು ನಿಜವಲ್ಲ, ಮತ್ತು ನಾನು ಕೇಳುವ ನಂಬಿಕೆಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಇದೇ. ಕಾಸರಕದ ಕಿತ್ತಳೆ ಬಣ್ಣದ ಹಣ್ಣನ್ನು ಮಂಗಟ್ಟೆ ಹಕ್ಕಿ ತಿನ್ನುತ್ತದೆ. ಅದೇ ಹಣ್ಣಿನ ಬೀಜದಲ್ಲಿ ಸ್ಟ್ರಿಕ್ನೀನ್ ಎಂಬ ವಿಷವಿದೆ. ಹಕ್ಕಿಗೆ ಬೇಕಾದದ್ದು ಹೊರಗಿನ ತಿರುಳು, ಮರಕ್ಕೆ ಬೇಕಾದದ್ದು ಬೀಜ ಒಡೆಯದೆ ದೂರ ಹೋಗಿ ಬೀಳುವುದು. ಹಣ್ಣನ್ನು ರುಚಿಯಾಗಿಯೂ ಬೀಜವನ್ನು ವಿಷವಾಗಿಯೂ ಇಟ್ಟಿರುವುದರಲ್ಲಿ ಮರದ ಲೆಕ್ಕಾಚಾರ ಸರಿಯಾಗಿಯೇ ಇದೆ. ಅಗಿದು ತಿನ್ನುವ ಮಗು ಆ ಲೆಕ್ಕದೊಳಗೆ ಬರುವುದಿಲ್ಲ. ಗುಲಗಂಜಿಯೂ ಹೀಗೆಯೇ: ಗಟ್ಟಿ ಸಿಪ್ಪೆಯ ಬೀಜ ಇಡಿಯಾಗಿ ಹೊಟ್ಟೆಗೆ ಹೋದರೆ ಹಾಗೆಯೇ ಹೊರಬೀಳಬಹುದು, ಅಗಿದರೆ ಅಥವಾ ದಾರಕ್ಕೆ ಪೋಣಿಸಲು ತೂತು ಮಾಡಿದ್ದರೆ ಒಳಗಿನ ಅಬ್ರಿನ್ ಎಂಬ ವಿಷ ಹೊರಬರುತ್ತದೆ. ಇದರ ಜೊತೆಗೆ ಹೇಳುವ ಬೇರೆ ಸೂತ್ರಗಳೂ ನಿಲ್ಲುವುದಿಲ್ಲ. ಹಾಲು ಬರುವುದೆಲ್ಲ ವಿಷ ಎಂದರೆ ಅತ್ತಿ, ಹಲಸು, ಸಪೋಟ ಎಲ್ಲವನ್ನೂ ಬಿಡಬೇಕಾಗುತ್ತದೆ. ಬೇಯಿಸಿದರೆ ವಿಷ ಹೋಗುತ್ತದೆ ಎಂಬುದು ಕೆಲವು ಗೆಡ್ಡೆಗಳಿಗೆ ಹೊಂದುತ್ತದೆ. ಗೌರಿ ಹೂವಿನ ಗೆಡ್ಡೆಯಲ್ಲಿರುವ ಕಾಲ್ಚಿಸಿನ್ ಎಂಬ ವಿಷ ಕುದಿಯುವ ನೀರಿಗೆ ಅಂಜುವುದಿಲ್ಲ. ಗುರುತಿಲ್ಲದ್ದನ್ನು ನಾಲಿಗೆಗೆ ಸ್ವಲ್ಪ ಮುಟ್ಟಿಸಿ ನೋಡುವ ಪದ್ಧತಿಯನ್ನಂತೂ ದಯವಿಟ್ಟು ಮಾಡಬೇಡಿ. ಯಾರಾದರೂ ತಿಂದೇಬಿಟ್ಟರೆ ವಾಂತಿ ಮಾಡಿಸಲು ಹೋಗದೆ, ತಿಂದದ್ದರ ಉಳಿದ ಭಾಗವನ್ನೂ ಎಲೆಯಿರುವ ಒಂದು ಟೊಂಗೆಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಧಾವಿಸಬೇಕು. ವೈದ್ಯರಿಗೆ ಆ ಟೊಂಗೆ ದೊಡ್ಡ ಸಹಾಯ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನೀವೇ ಕಲಿಯಬಹುದು, ಕಲಿಯಬೇಕು ಕೂಡ. ಆದರೆ ಚಿತ್ರಕ್ಕೆ ಚಿತ್ರ ಹೊಂದಿಸಿ ಹೆಸರು ಹುಡುಕುವ ದಾರಿಯನ್ನು ಬಿಟ್ಟು, ಗಿಡಕ್ಕೆ ಒಂದು ಕ್ರಮದಲ್ಲಿ ಪ್ರಶ್ನೆ ಕೇಳುವ ದಾರಿ ಹಿಡಿಯಿರಿ. ಸಾಕ್ಷ್ಯ ಎಲ್ಲಿಯವರೆಗೆ ಕರೆದೊಯ್ಯುತ್ತದೆಯೋ ಅಲ್ಲಿಗೆ ನಿಲ್ಲಿರಿ. "ಇದು ಕಣಗಿಲೆಯ ಕುಟುಂಬದ್ದು, ಅದರಾಚೆ ಗೊತ್ತಿಲ್ಲ" ಎಂಬ ತೀರ್ಮಾನ ತಪ್ಪಾದ ಪೂರ್ಣ ಹೆಸರಿಗಿಂತ ಎಷ್ಟೋ ಮೇಲು. ಆ ಕುಟುಂಬದಲ್ಲಿ ವಿಷದ ಗಿಡಗಳು ಬಹಳ ಎಂಬ ಎಚ್ಚರಿಕೆ ಅಷ್ಟರಲ್ಲೇ ಸಿಕ್ಕಿಬಿಡುತ್ತದೆ.

ಎಲೆ ನಮ್ಮನ್ನು ಮೋಸಗೊಳಿಸುವುದಕ್ಕೆ ಕಾರಣವಿದೆ. ಕಡಲಂಚಿನಲ್ಲಿ ಉಪ್ಪಿನ ಗಾಳಿ, ಕಾದ ಮರಳು, ಸಿಹಿನೀರಿನ ಕೊರತೆ ಎಲ್ಲ ಗಿಡಗಳಿಗೂ ಒಂದೇ; ಆದ್ದರಿಂದ ಒಂದಕ್ಕೊಂದು ಸಂಬಂಧವೇ ಇಲ್ಲದ ಕುಟುಂಬಗಳ ಗಿಡಗಳು ಅಲ್ಲಿ ಒಂದೇ ಬಗೆಯ ದಪ್ಪ, ಹೊಳಪಿನ, ನೀರು ತುಂಬಿದ ಎಲೆಗಳನ್ನು ತಾಳುತ್ತವೆ. ಒಂದೇ ಜಾತಿಯ ಗಿಡವೂ ಮರಳಿನ ಮೇಲೆ ಕುಳ್ಳಾಗಿ ಗಿಡ್ಡ ಎಲೆಯೊಡನೆ, ಒಳನಾಡಿನಲ್ಲಿ ಎತ್ತರವಾಗಿ ತೆಳು ಎಲೆಯೊಡನೆ ಬೆಳೆಯುವುದುಂಟು. ಕಾಡಿನ ನೆರಳಿನಲ್ಲಿ ಇದೇ ಕಥೆ ತಿರುಗುಮುರುಗಾಗುತ್ತದೆ: ಅಲ್ಲಿ ಅಗಲ ಎಲೆ, ಮಳೆನೀರು ಜಾರುವಂತೆ ಉದ್ದ ಬಾಲದಂಥ ತುದಿ. ವಯಸ್ಸೂ ಎಲೆಯನ್ನು ಬದಲಿಸುತ್ತದೆ. ಹಲಸಿನ ಎಳೆಯ ಸಸಿಯಲ್ಲಿ ಸೀಳಿದ ಎಲೆಗಳಿರುವುದನ್ನು ಕಂಡು ಬೇರೆ ಗಿಡವೆಂದು ತಿಳಿದವರು ಎಷ್ಟೋ ಮಂದಿ. ಹೀಗೆ ಎಲೆಯ ಆಕಾರ ಹೆಚ್ಚಾಗಿ ನೆಲೆಯನ್ನು ಹೇಳುತ್ತದೆ, ಹೂವು ಮತ್ತು ಕಾಯಿ ಕುಲವನ್ನು ಹೇಳುತ್ತವೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಸಸ್ಯಗಳಿಗೆ ಎರಡು ಪದಗಳ ಹೆಸರಿಟ್ಟು ವಿಂಗಡಿಸಿದಾಗ ಹೂವಿನ ಗಂಡು, ಹೆಣ್ಣು ಭಾಗಗಳಾದ ಕೇಸರ ಮತ್ತು ಶಲಾಕೆಗಳನ್ನು ಆಧಾರವಾಗಿ ಹಿಡಿದದ್ದು. ಅವನ ವಿಂಗಡಣೆ ಈಗ ಬದಲಾಗಿದ್ದರೂ ಹೂವಿನ ಸಾಕ್ಷ್ಯದ ಬೆಲೆ ಕಡಿಮೆಯಾಗಿಲ್ಲ.

ಹೂವಿಲ್ಲದ ಕಾಲದಲ್ಲಿ ಎಲೆಯ ಆಕಾರಕ್ಕಿಂತ ಎಲೆಯ ಜೋಡಣೆಯನ್ನು ನಂಬಿ. ಮೊದಲು ನೋಡಬೇಕಾದದ್ದು ಗೆಣ್ಣು. ಒಂದು ಗೆಣ್ಣಿಗೆ ಒಂದೇ ಎಲೆಯೇ, ಎದುರುಬದುರಾಗಿ ಎರಡೇ? ಮುಂದೆ, ಒಂದು ಎಲೆ ಎಂದು ಕಾಣುವುದು ನಿಜವಾಗಿ ಪೂರ್ಣ ಎಲೆಯೋ ಸಂಯುಕ್ತ ಎಲೆಯ ಒಂದು ದಳವೋ ಎಂದು ತಿಳಿಯಲು ಅದರ ಕಂಕುಳನ್ನು, ಎಂದರೆ ತೊಟ್ಟು ಕಾಂಡವನ್ನು ಸೇರುವ ಮೂಲೆಯನ್ನು, ಹುಡುಕಿ. ಮೊಗ್ಗು ಇರುವುದು ಎಲೆಯ ಬುಡದಲ್ಲಿ ಮಾತ್ರ, ದಳದ ಬುಡದಲ್ಲಿ ಎಂದೂ ಇರುವುದಿಲ್ಲ. ಎದುರುಬದುರು ಎಲೆಗಳ ತೊಟ್ಟುಗಳ ನಡುವೆ ಕಾಂಡಕ್ಕೆ ಅಂಟಿದ ಪುಟ್ಟ ತ್ರಿಕೋನದ ಪೊರೆ ಇದ್ದರೆ ಅದು ಬಹುಪಾಲು ಕಾಫಿಯ ಕುಟುಂಬ. ಕೇಪಳದ ಗಿಡದಲ್ಲಿ ಇದನ್ನು ಒಮ್ಮೆ ನೋಡಿಟ್ಟುಕೊಂಡರೆ ಕಾಡಿನ ಎಷ್ಟೋ ಪೊದೆಗಳು ತಾವಾಗಿಯೇ ಪರಿಚಯವಾಗುತ್ತವೆ. ಕಾಂಡ ಚೌಕವಾಗಿದ್ದು ಎಲೆ ಘಮ ಎಂದರೆ ತುಳಸಿಯ ಕುಟುಂಬವನ್ನು ನೆನೆಯಿರಿ. ಬಿಸಿಲಿಗೆ ಹಿಡಿದಾಗ ಎಲೆಯೊಳಗೆ ಬೆಳಕಿನ ಚುಕ್ಕಿಗಳು ಮಿನುಗಿದರೆ ನಿಂಬೆಯ ಕುಟುಂಬವಿರಬಹುದು. ಹೊಸಕಿ ಮೂಸುವ ಪರೀಕ್ಷೆಯನ್ನು ಹಾಲು ಅಥವಾ ಕಪ್ಪಾಗುವ ಸೊನೆ ಇಲ್ಲವೆಂದು ಖಚಿತವಾದ ಮೇಲಷ್ಟೇ ಮಾಡಬೇಕು.

ಒಂದು ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ. ಗುಡ್ಡದಲ್ಲಿ ನಿಮಗೆ ಬುಡದಿಂದಲೇ ಮೂರು ದಪ್ಪ ನರಗಳು ಹೊರಡುವ ಎಲೆ ಸಿಕ್ಕಿತು ಎನ್ನಿ. ಅದು ಕಾಡು ದಾಲ್ಚಿನ್ನಿ ಇರಬಹುದು, ಕಾಸರಕ ಇರಬಹುದು, ನೆಕ್ಕರೆ ಇರಬಹುದು, ಬೋರೆಯ ಜಾತಿಯೂ ಇರಬಹುದು. ಬೋರೆಯಾದರೆ ಗೆಣ್ಣಿಗೊಂದೇ ಎಲೆ, ಬುಡದಲ್ಲಿ ಮುಳ್ಳು. ನೆಕ್ಕರೆಯಾದರೆ ಎಲೆ ಒರಟು, ಉದ್ದದ ನರಗಳ ನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡ ನರಗಳು. ಉಳಿಯುವ ಎರಡು ನುಣುಪಾದ, ಎದುರುಬದುರು ಎಲೆಗಳ ಗಿಡಗಳನ್ನು ಬೇರ್ಪಡಿಸುವುದು ವಾಸನೆ: ದಾಲ್ಚಿನ್ನಿ ಹೊಸಕಿದ ಕ್ಷಣ ತನ್ನನ್ನು ತಾನೇ ಹೇಳಿಕೊಳ್ಳುತ್ತದೆ, ಕಾಸರಕಕ್ಕೆ ಆ ಪರಿಮಳವಿಲ್ಲ. ನಾಲ್ಕು ಗಿಡಗಳು, ಮೂರು ಪ್ರಶ್ನೆಗಳು. ಅವುಗಳಲ್ಲಿ ಒಂದನ್ನು ಬಿಟ್ಟರೂ ಮಸಾಲೆಯ ಜಾಗಕ್ಕೆ ವಿಷ ಬಂದು ಕೂರಬಹುದು.

ಮರಳದಂಡೆಯಲ್ಲಿ ಇದೇ ಅಭ್ಯಾಸಕ್ಕೆ ಇನ್ನೂ ಸುಲಭವಾದ ಜೋಡಿಯಿದೆ. ನೇರಳೆ-ಗುಲಾಬಿ ಹೂವಿನ ಎರಡು ಹಬ್ಬುಬಳ್ಳಿಗಳು ಒಂದೇ ಮರಳಿನಲ್ಲಿ ಹೆಣೆದುಕೊಂಡಿರುತ್ತವೆ. ಒಂದರ ಎಲೆ ಒಂಟಿ, ತುದಿಯಲ್ಲಿ ಸೀಳಿ ಆಡಿನ ಗೊರಸಿನಂತಿದೆ, ಹೂ ಆಲಿಕೆಯ ಆಕಾರ, ಮುರಿದರೆ ಹಾಲು: ಅದು ಅಡುಂಬು ಬಳ್ಳಿ. ಇನ್ನೊಂದರ ಎಲೆ ಮೂರು ದಳದ್ದು, ಹೂ ಅವರೆಯ ಹೂವಿನಂಥದ್ದು, ಕಾಯಿ ದಪ್ಪ ಕೋಡು: ಅದು ಅವರೆಯ ಕುಟುಂಬದ ಕೆನವೇಲಿಯ. ಕೋಡು ಅವರೆಯಂತಿದೆ ಎಂದು ಅದರ ಬೀಜವನ್ನು ಅಡುಗೆಗೆ ಹಾಕಬೇಡಿ. ಅಳಿವೆಯ ಕಾಂಡ್ಲಾ ಮರಗಳನ್ನಂತೂ ಇಳಿತದ ಹೊತ್ತಿನಲ್ಲಿ ಬೇರಿನಿಂದಲೇ ವಿಂಗಡಿಸಬಹುದು. ಕಮಾನಿನಂತೆ ಇಳಿದ ಊರೆಬೇರು ರೈಜೋಫೊರದ್ದು, ಕೆಸರಿನಿಂದ ಪೆನ್ಸಿಲ್ಲಿನಂತೆ ಎದ್ದ ಉಸಿರುಬೇರು ಅವಿಸೆನಿಯದ್ದು, ಮೊಣಕಾಲಿನಂತೆ ಮಡಿಸಿದ್ದು ಬ್ರುಗೈರಾದ್ದು.

ನಿಮ್ಮ ಮುಂದಿರುವ ಸಾಧನಗಳಲ್ಲಿ ಆ್ಯಪ್ ಕೆಟ್ಟದ್ದೇನಲ್ಲ. ತನ್ನಲ್ಲಿರುವ ಚಿತ್ರಗಳೊಡನೆ ನಿಮ್ಮ ಚಿತ್ರವನ್ನು ಹೋಲಿಸಿ ಹತ್ತಿರದ್ದನ್ನು ಮುಂದಿಡುವುದಷ್ಟೇ ಅದರ ಕೆಲಸ. ವಾಸನೆ, ಹಾಲು, ಗೆಣ್ಣಿನ ಪೊರೆ ಅದಕ್ಕೆ ತಿಳಿಯದು, ಮತ್ತು ಹೆಚ್ಚು ಜನ ಚಿತ್ರ ತೆಗೆದ ತೋಟದ ಗಿಡಗಳ ಕಡೆಗೆ ಅದು ವಾಲುತ್ತದೆ. ಅದು ಕೊಟ್ಟ ಹೆಸರನ್ನು ಊಹೆಯಾಗಿ ಇಟ್ಟುಕೊಂಡು ಆ ಗಿಡದ ವರ್ಣನೆಯೊಡನೆ ಒಂದೊಂದೇ ಲಕ್ಷಣ ತಾಳೆ ನೋಡಿ. ಒಂದು ಲಕ್ಷಣ ತಪ್ಪಿದರೂ ಹೆಸರನ್ನು ಬಿಟ್ಟುಕೊಡಿ. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ಕಡೆ ಚಿತ್ರ ಹಾಕಿದರೆ ಬಲ್ಲವರು ನೋಡುತ್ತಾರೆ ಎಂಬ ಅನುಕೂಲವಿದೆ, ಆದರೆ ಅಲ್ಲಿಯೂ ಗುರುತಿನ ಗುಣಮಟ್ಟ ನೀವು ಕೊಟ್ಟ ಚಿತ್ರಗಳ ಗುಣಮಟ್ಟದಷ್ಟೇ. ಊರಿನ ಹಿರಿಯರ ತಿಳಿವಳಿಕೆ ಅಮೂಲ್ಯ. ಅವರು ಹೇಳುವ ಹೆಸರಿಗಿಂತ ಅವರು ಆ ಗಿಡವನ್ನು ಹೇಗೆ ಗುರುತು ಹಿಡಿಯುತ್ತಾರೆ ಎಂಬುದನ್ನು ಕೇಳಿಕೊಳ್ಳಿ. ಒಣಗಿಸಿದ ಮಾದರಿಯನ್ನು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಒಯ್ಯುವುದು ಎಲ್ಲಕ್ಕಿಂತ ಗಟ್ಟಿಯಾದ ದಾರಿ. ಹೂ ಅಥವಾ ಕಾಯಿ ಇರುವ ಟೊಂಗೆಯನ್ನು ಸುದ್ದಿಪತ್ರಿಕೆಯ ಹಾಳೆಗಳ ನಡುವೆ ಒತ್ತಿಟ್ಟು, ಮೊದಲ ಕೆಲವು ದಿನ ದಿನವೂ ಹಾಳೆ ಬದಲಿಸಬೇಕು. ಒಣಗಿದ ಮೇಲೆ ಮಾಯವಾಗುವ ಹೂವಿನ ಬಣ್ಣ, ವಾಸನೆ, ಸೊನೆ, ನೆಲೆ ಇವನ್ನು ಕಿತ್ತ ಜಾಗದಲ್ಲೇ ಬರೆದಿಡಬೇಕು. ಇಲ್ಲೊಂದು ಮಿತಿಯೂ ಇದೆ: ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಗಿಡ ಕೀಳುವಂತಿಲ್ಲ. ಉಳಿದ ಅರಣ್ಯದಲ್ಲೂ ಇಲಾಖೆಯನ್ನು ಕೇಳಿಯೇ ಕೀಳಿರಿ. ಗಿಡ ಒಂದೇ ಒಂದು ಇದ್ದರೆ ಚಿತ್ರಕ್ಕೆ ತೃಪ್ತರಾಗಿ.

ಕೊನೆಗೆ ತೋಡಿನ ಬದಿಯ ಗಿಡ. ಮೂವರೂ ಸುಳ್ಳು ಹೇಳಿರಲಾರರು. ಬ್ರಾಹ್ಮಿ ಎಂಬ ಹೆಸರು ಎರಡು ಬೇರೆ ಗಿಡಗಳಿಗೆ ಬಳಕೆಯಲ್ಲಿದೆ: ಒಂದೆಲಗ, ಎಂದರೆ ಸೆಂಟೆಲ್ಲ ಏಷ್ಯಾಟಿಕ, ಮತ್ತು ನೀರುಬ್ರಾಹ್ಮಿ, ಎಂದರೆ ಬಕೋಪ ಮೊನ್ನಿಯೇರಿ. ನೀರುಬ್ರಾಹ್ಮಿಯ ಎಲೆ ಉಗುರಿನಷ್ಟು ಚಿಕ್ಕದು, ಮಾಂಸಲ, ಎದುರುಬದುರು. ನಿಮ್ಮದು ದುಂಡು ಎಲೆಯದಾದರೆ ಅದು ನೀರುಬ್ರಾಹ್ಮಿಯಲ್ಲ. ಒಂದೆಲಗಕ್ಕೂ ಇಲಿಕಿವಿಗೂ ಮೂತ್ರಪಿಂಡದ ಆಕಾರದ ಎಲೆಯಿದೆ, ಎರಡೂ ಗೆಣ್ಣಿನಲ್ಲಿ ಬೇರು ಬಿಟ್ಟು ಹಬ್ಬುತ್ತವೆ. ಒಂದೆಲಗದಲ್ಲಿ ಬೇರೂರಿದ ಗೆಣ್ಣಿನಿಂದ ಹಲವು ಎಲೆಗಳು ಉದ್ದ ತೊಟ್ಟಿನ ಮೇಲೆ ಒಟ್ಟಿಗೆ ಏಳುತ್ತವೆ, ತೊಟ್ಟಿನ ಬುಡ ಪೊರೆಯಂತೆ ಅಗಲವಾಗಿ ಗೆಣ್ಣನ್ನು ಅಪ್ಪಿರುತ್ತದೆ, ಹೂಗಳು ಎಲೆಯ ಕೆಳಗೆ ನೆಲಕ್ಕೆ ಹತ್ತಿರ ಅಡಗಿ ಕೆಂಪು ಬಿಳುಪಿನ ಚುಕ್ಕಿಗಳಂತಿರುತ್ತವೆ. ಇಲಿಕಿವಿಯಲ್ಲಿ ಗೆಣ್ಣಿಗೊಂದು ಎಲೆ, ಹೂ ಹಳದಿ ಬಣ್ಣದ ಪುಟ್ಟ ಆಲಿಕೆ. ಹೂವಿಗಾಗಿ ಕಾದರೆ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಅದು ಒಂದೆಲಗವೇ ಎಂದು ಖಚಿತವಾದರೂ ಮನೆಗಳ ಕೊಳೆನೀರು ಹರಿಯುವ ತೋಡಿನಿಂದ ತಿನ್ನಲು ಕೀಳಬೇಡಿ. ಒಂದು ಬೇರೂರಿದ ಗೆಣ್ಣನ್ನು ತಂದು ಕುಂಡದಲ್ಲಿ ನೆಟ್ಟು, ಹೊಸದಾಗಿ ಹಬ್ಬಿದ ಎಲೆಗಳನ್ನು ಬಳಸಿ.

ಮೂರರ ಬಗ್ಗೆಯೂ ಮತ್ತೆ ಬರೆಯುವುದಾದರೆ ಇಡೀ ಗಿಡದ ಒಂದು ಚಿತ್ರ, ಗೆಣ್ಣಿನ ಹತ್ತಿರದ ಚಿತ್ರ, ಎಲೆಯ ಮೇಲ್ಮೈ ಮತ್ತು ಕೆಳಮೈ, ಹೂ ಅಥವಾ ಕಾಯಿ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದದ್ದು, ಇಷ್ಟನ್ನು ಕಳುಹಿಸಿ. ಗುಡ್ಡದ ಮರದ ಚಿತ್ರವನ್ನು ಮಾತ್ರ ದೂರ ನಿಂತು ಜೂಮ್ ಮಾಡಿ ತೆಗೆಯಿರಿ, ಮತ್ತು ನಿಮ್ಮ ಪತಿ ಅದರ ಹತ್ತಿರ ಹೋಗುವುದು ಬೇಡ. ಒಮ್ಮೆ ಕೆರಳಿದ ದೇಹ ಮುಂದಿನ ಸಲ ಇನ್ನೂ ಕಡಿಮೆ ಸೊನೆಗೆ ಇನ್ನೂ ಬೇಗ ಪ್ರತಿಕ್ರಿಯಿಸಬಹುದು.